ನೋಡುತ್ತಿದ್ದವರು

2018ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಒಂದು ಈಜುಕೊಳದಲ್ಲಿ, ಕಾಲೇಜು ತಂಡದ ಬೆಳಗಿನ ಅಭ್ಯಾಸ ಮುಗಿಯುವ ಹೊತ್ತಿಗೆ ನಾನು ನೀರಿನೊಳಗೇ ಪ್ರಜ್ಞೆ ತಪ್ಪಿದೆ. ಬದುಕಿದೆ. ಅದು ಹೇಗಾಯಿತು, ಆಮೇಲೆ ಏನೇನಾಯಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನನಗೆ ನೆನಪಿರುವುದು ಕಡಿಮೆ. ನೆನಪಿಲ್ಲದ ಭಾಗವನ್ನು ತಂಡದವರು ಹೇಳಿದ ಹಾಗೆ ಬರೆದಿದ್ದೇನೆ. ಕೊಳದ ಹೆಸರು, ಕಾಲೇಜಿನ ಹೆಸರು ಬೇಡ. ಯಾರ ಮೇಲೂ ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ.

ನಾನು ತಿಪಟೂರು ಕಡೆಯವಳು. ಈಜು ಕಲಿತದ್ದು ನಮ್ಮ ತೋಟದ ಬಾವಿಯಲ್ಲಿ. ಅಪ್ಪ ಸೊಂಟಕ್ಕೆ ಒಂದು ಜೊತೆ ಒಣಗಿದ ತೆಂಗಿನಕಾಯಿ ಕಟ್ಟಿ ನೀರಿಗೆ ಬಿಟ್ಟರು. ಬೇಸಿಗೆ ಮುಗಿಯುವಷ್ಟರಲ್ಲಿ ಕಾಯಿ ಬಿಚ್ಚಿ ಈಜತೊಡಗಿದೆ. ಅದಕ್ಕೊಂದು ಶೈಲಿ ಅಂತ ಇರಲಿಲ್ಲ. ತಲೆ ಎತ್ತಿಕೊಂಡು ಕೈ ಬೀಸುತ್ತಿದ್ದೆ, ಅಷ್ಟೆ. ಪಿಯುಸಿ ಆದಮೇಲೆ ಬಿ.ಎಸ್ಸಿ.ಗೆ ಬೆಂಗಳೂರಿಗೆ ಬಂದು ಹಾಸ್ಟೆಲ್ ಸೇರಿದೆ. ಮೊದಲ ವರ್ಷ ನಮ್ಮ ದೈಹಿಕ ಶಿಕ್ಷಣದ ಸರ್ ತರಗತಿಗೆ ಬಂದು, ಹುಡುಗಿಯರಲ್ಲಿ ಈಜು ಬರುವವರು ಯಾರಿದ್ದೀರಿ ಎಂದು ಕೇಳಿದರು. ರಿಲೇಗೆ ನಾಲ್ವರು ಬೇಕು, ಅವರ ಬಳಿ ಮೂವರಿದ್ದರು. ನಾನು ಕೈ ಎತ್ತಿದೆ.

ಬೆಂಗಳೂರಿನಲ್ಲಿ ಈಜು ಎಂದರೆ ಸಣ್ಣ ವಿಷಯವಲ್ಲ ಎಂದು ಗೊತ್ತಾದದ್ದು ಆಮೇಲೆ. 2000ದಲ್ಲಿ ಸಿಡ್ನಿಗೆ ಹೋದ ನಿಶಾ ಮಿಲೆಟ್, 2008ರಲ್ಲಿ ಬೀಜಿಂಗ್‌ಗೆ ಹೋದ ರೆಹಾನ್ ಪೊಂಚ, 2012ರಲ್ಲಿ ಲಂಡನ್‌ಗೆ ಹೋದ ಗಗನ್ ಉಳ್ಳಾಲಮಠ, ಇವರೆಲ್ಲ ಈ ಊರಿನ ಕೊಳಗಳಲ್ಲಿ ಅಭ್ಯಾಸ ಮಾಡಿದವರು. ಇಲ್ಲಿನ ಕ್ಲಬ್‌ಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಈಜುತ್ತಾರೆ. ಎಸ್ಸೆಸ್ಸೆಲ್ಸಿ ಬಂದಾಗ ಬಹಳಷ್ಟು ಹೆಣ್ಣುಮಕ್ಕಳು ಬಿಡುತ್ತಾರೆ. ಬಿಟ್ಟವರಲ್ಲಿ ಕೆಲವರು ಕಾಲೇಜಿಗೆ ಬಂದಮೇಲೆ ಮತ್ತೆ ನೀರಿಗೆ ಇಳಿಯುತ್ತಾರೆ. ನಮ್ಮ ತಂಡ ನಿಂತಿದ್ದದ್ದು ಅಂಥವರ ಮೇಲೆ.

ನಮ್ಮ ನಾಯಕಿಯೂ ಹಾಗೆ ಮರಳಿ ಬಂದವಳು. ಬಸವನಗುಡಿಯವಳು, ಬಿ.ಕಾಂ. ಕೊನೆಯ ವರ್ಷ. ಅವಳ ಸ್ಪರ್ಧೆ 200 ಮೀಟರ್ ಇಂಡಿವಿಜುಯಲ್ ಮೆಡ್ಲೆ. ಬಟರ್‌ಫ್ಲೈ, ಬ್ಯಾಕ್, ಬ್ರೆಸ್ಟ್, ಫ್ರೀಸ್ಟೈಲ್, ನಾಲ್ಕೂ ಒಬ್ಬಳೇ. ಆ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಬೇಕು ಎಂಬುದು ಅವಳ ಆಸೆ. ಅದು ಅವಳಿಗೆ ಕೊನೆಯ ಅವಕಾಶವೂ ಆಗಿತ್ತು. ಮೊದಲ ವರ್ಷದ ಒಬ್ಬ ಹುಡುಗಿ ಮಂಗಳೂರಿನವಳು, ಬ್ರೆಸ್ಟ್‌ಸ್ಟ್ರೋಕ್ ಚೆನ್ನಾಗಿ ಮಾಡುತ್ತಿದ್ದಳು. ನಾವೆಲ್ಲ ಅವಳನ್ನು ಚಿಕ್ಕವಳು ಎಂದೇ ಕರೆಯುತ್ತಿದ್ದೆವು. ಎಂ.ಎಸ್ಸಿ. ಓದುತ್ತಿದ್ದ ಒಬ್ಬ ಅಕ್ಕ ಇದ್ದರು. ಬೇಸಿಗೆ ಶಿಬಿರಗಳಲ್ಲಿ ಲೈಫ್‌ಗಾರ್ಡ್ ಕೆಲಸ ಮಾಡಿ ಫೀಸಿಗೆ ಹಣ ಹೊಂದಿಸಿಕೊಳ್ಳುತ್ತಿದ್ದರು. ಇನ್ನೊಬ್ಬಳು ನನ್ನ ರೂಮಿನವಳು. ನಾನು ಎರಡನೆಯ ವರ್ಷದಲ್ಲಿದ್ದೆ. ಹೀಗೆ ಹುಡುಗಿಯರು ಐದು ಜನ. ಹುಡುಗರು ಏಳು. ಎಲ್ಲರಿಗೂ ಒಬ್ಬರೇ ಕೋಚ್.

ಅಭ್ಯಾಸ ಜೂನ್ ಕೊನೆಗೆ ಶುರುವಾಗಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ವಾರ್ಡನ್ ಬಳಿ ಗೇಟಿನ ಕೀ ಕೇಳುವುದು, ಆಟೋದಲ್ಲಿ ಒತ್ತಿಕೊಂಡು ಹೋಗುವುದು, ಐದೂವರೆಗೆ ನೀರಲ್ಲಿರುವುದು. ಕೊಳದ ನೀರನ್ನು ಬಿಸಿ ಮಾಡುವ ವ್ಯವಸ್ಥೆ ಇರಲಿಲ್ಲ. ಜುಲೈ, ಆಗಸ್ಟಿನಲ್ಲಿ ಮಳೆ ಹುಯ್ಯುವಾಗ ನೀರಿಗಿಂತ ಹೊರಗೇ ಚಳಿ ಹೆಚ್ಚು. ಮುಗಿಸಿ ಬರುವಷ್ಟರಲ್ಲಿ ಮೆಸ್ ಮುಚ್ಚಿರುತ್ತಿತ್ತು. ಅಡುಗೆಯ ಅಜ್ಜಿ ನನಗೂ ರೂಮಿನವಳಿಗೂ ಇಡ್ಲಿ ಎತ್ತಿಟ್ಟು, ತಟ್ಟೆ ಮುಚ್ಚಿ ಇಟ್ಟಿರುತ್ತಿದ್ದರು. ಇಡ್ಲಿ ತಣ್ಣಗಾಗಿರುತ್ತಿತ್ತು. ಆದರೂ ಆ ಹಸಿವಿಗೆ ಅದೇ ಸಾಕಾಗುತ್ತಿತ್ತು.

ಮೊದಲ ಎರಡು ತಿಂಗಳು ದೂರ ಈಜುವುದು. ಸೆಪ್ಟೆಂಬರಿಗೆ ವೇಗ. ನವೆಂಬರಿನಲ್ಲಿ ಇಂಟರ್ ಕಾಲೇಜಿಯೇಟ್. ಅಲ್ಲಿ ಚೆನ್ನಾಗಿ ಮಾಡಿದವರು ವಿಶ್ವವಿದ್ಯಾಲಯದ ತಂಡದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುತ್ತಾರೆ. ನನ್ನಂಥವರಿಗೆ ಇಂಟರ್ ಕಾಲೇಜಿಯೇಟೇ ಕೊನೆ. ಅದರಿಂದ ನನಗೆ ಬೇಸರವಿರಲಿಲ್ಲ. ರಿಲೇಯಲ್ಲಿ ನಾನೂ ಒಬ್ಬಳು ಎಂಬುದು ನನಗೆ ಬೇಕಾದಷ್ಟಾಗಿತ್ತು.

ಈಜುವವರು ನೀರಿನೊಳಗೆ ಯಾಕೆ ಹೋಗುತ್ತಾರೆ ಎಂದು ಇಲ್ಲಿ ಹೇಳಬೇಕು. ಗೋಡೆ ಒದ್ದು ಹೊರಟ ಕೂಡಲೇ ಮೇಲೆ ಬರದೆ, ಎರಡೂ ಕಾಲು ಜೋಡಿಸಿ ಮೈ ಬಳುಕಿಸುತ್ತ ನೀರಿನಡಿ ಸಾಗಿದರೆ ಮೇಲೆ ಈಜುವುದಕ್ಕಿಂತ ವೇಗ ಸಿಗುತ್ತದೆ. ಅದಕ್ಕೆ ಡಾಲ್ಫಿನ್ ಕಿಕ್ ಎನ್ನುತ್ತಾರೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಬ್ಯಾಕ್‌ಸ್ಟ್ರೋಕ್‌ನ ಮೊದಲ 35 ಮೀಟರ್‌ನಷ್ಟು ದೂರವನ್ನು ನೀರಿನಡಿಯಲ್ಲೇ ಸಾಗಿದ್ದರು. ಆಮೇಲೆ ನಿಯಮ ಬಂತು. 1991ರಿಂದ ಬ್ಯಾಕ್‌ಸ್ಟ್ರೋಕ್‌ನಲ್ಲಿ, 1998ರಿಂದ ಬಟರ್‌ಫ್ಲೈನಲ್ಲಿ, 15 ಮೀಟರ್ ಮುಟ್ಟುವಷ್ಟರಲ್ಲಿ ತಲೆ ನೀರಿನ ಮೇಲೆ ಬಂದಿರಬೇಕು. ಲೇನ್ ಹಗ್ಗದ ಮೇಲೆ ಆ ಜಾಗಕ್ಕೆ ಬೇರೆ ಬಣ್ಣದ ಗುರುತು ಇರುತ್ತದೆ. ಸ್ಪರ್ಧೆಯಲ್ಲಿ 15 ಮೀಟರ್ ಮಾತ್ರ ಇರುವಾಗ ಅಭ್ಯಾಸದಲ್ಲಿ 50 ಮೀಟರ್ ನೀರಿನಡಿ ಈಜಿಸುವುದು ಯಾಕೆ ಎಂದು ಈಗ ನಾನು ಕೇಳುತ್ತೇನೆ. ಆಗ ಅದನ್ನು ಯಾರೂ ಕೇಳುತ್ತಿರಲಿಲ್ಲ. ಎದೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇತ್ತು. ಅನೇಕ ಕೊಳಗಳಲ್ಲಿ ಅದೇ ರೂಢಿ. ನೀರಿಗೆ ಇಳಿಯುವ ಮುಂಚೆ ಜೋರಾಗಿ, ಬೇಗ ಬೇಗ, ಹತ್ತು ಹದಿನೈದು ಸಲ ಉಸಿರೆಳೆದು ಬಿಡಬೇಕು ಎಂಬುದೂ ಹಿರಿಯರಿಂದ ಕಿರಿಯರಿಗೆ ಬಂದದ್ದು. ನಾವು ಹನ್ನೆರಡು ಜನರೂ ಹಾಗೆಯೇ ಮಾಡುತ್ತಿದ್ದೆವು.

ಆ ಬೆಳಿಗ್ಗೆ ಮಳೆ ಇರಲಿಲ್ಲ. ಮೈನ್ ಸೆಟ್ ಮುಗಿದಿತ್ತು. ಕೊನೆಗೆ ಅಂಡರ್‌ವಾಟರ್ 50. ಒಬ್ಬರ ಹಿಂದೆ ಒಬ್ಬರು, ಎರಡು ಲೇನ್‌ಗಳಲ್ಲಿ. ಕೋಚ್ ಸರ್ ಆಚೆ ತುದಿಯಲ್ಲಿ ಹುಡುಗರ ಟೈಮಿಂಗ್ ಬರೆದುಕೊಳ್ಳುತ್ತಿದ್ದರು. ಕೊಳದ ಲೈಫ್‌ಗಾರ್ಡ್ ಆಗತಾನೇ ಬಂದ ಚಿಕ್ಕ ಮಕ್ಕಳ ಬ್ಯಾಚಿನ ಹತ್ತಿರ, ಆಳವಿಲ್ಲದ ಕಡೆ ಇದ್ದರು. ಚಿಕ್ಕವಳಿಗೆ ಮೀನಖಂಡ ಹಿಡಿದುಕೊಂಡಿತ್ತು. ಅವಳು ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು.

ನಾನು ಉಸಿರೆಳೆದುಕೊಂಡು ಇಳಿದೆ. ತಳದ ಕಪ್ಪು ಗೆರೆ ನೆನಪಿದೆ. ಅರ್ಧ ದಾಟಿದ್ದು ನೆನಪಿದೆ. ಎದೆ ಬಿಗಿಯುತ್ತದೆ, ಆಗ ಮೇಲೆ ಬರೋಣ ಎಂದುಕೊಂಡಿದ್ದೆ. ಎದೆ ಬಿಗಿಯಲಿಲ್ಲ. ಹಾಯಾಗಿತ್ತು. ಕೈಕಾಲು ಬೆಚ್ಚಗಾದ ಹಾಗೆ ಅನ್ನಿಸಿತು. ನೆನಪು ಅಲ್ಲಿಗೆ ನಿಲ್ಲುತ್ತದೆ. ನೋವಾಗಲಿಲ್ಲ, ಒದ್ದಾಡಲಿಲ್ಲ, ಹೆದರಲಿಲ್ಲ. ಇದನ್ನು ಕೇಳಿದವರು ಸದ್ಯ ಎನ್ನುತ್ತಾರೆ. ನನಗೆ ಆಮೇಲೆ ರಾತ್ರಿಗಳಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಅದೇ, ಏನೂ ತಿಳಿಯದೇ ಹೋದದ್ದು.

ಮುಂದಿನದು ಅವರು ಹೇಳಿದ್ದು. ಚಿಕ್ಕವಳು ನನ್ನ ಕೆಂಪು ಕ್ಯಾಪ್ ನೋಡುತ್ತಿದ್ದಳು. ಗೋಡೆಗೆ ಸ್ವಲ್ಪ ದೂರದಲ್ಲಿ ಅದು ನಿಂತಿತು. ಗ್ಲೈಡ್ ಮಾಡುತ್ತಿದ್ದಾಳೆ ಎಂದು ಮೊದಲು ಅಂದುಕೊಂಡಳಂತೆ. ಮೂಗಿನಿಂದ ಗುಳ್ಳೆ ಬರುತ್ತಿಲ್ಲ ಎಂದು ಗಮನಿಸಿದಳು. ಮೈ ನಿಧಾನಕ್ಕೆ ಕೆಳಗಿಳಿಯುವುದು ಕಂಡಿತು. ಕೂಗಿ, ಹಿಡಿದುಕೊಂಡಿದ್ದ ಕಾಲಲ್ಲೇ ಹಾರಿದಳು. ಆ ಭಾಗದಲ್ಲಿ ನೀರು ಆಳ. ಒಬ್ಬಳಿಂದ ಎತ್ತಲು ಆಗಲಿಲ್ಲ. ಪಕ್ಕದ ಲೇನಿನಿಂದ ನಾಯಕಿ ಬಂದಳು. ಇಬ್ಬರೂ ಕಂಕುಳಿಗೆ ಕೈ ಹಾಕಿ ಮೇಲೆ ತಂದರು. ಹುಡುಗರು ಕಟ್ಟೆಗೆ ಎಳೆದುಕೊಂಡರು.

ತುಟಿ ನೀಲಿಯಾಗಿತ್ತು. ಬಾಯಿಂದ ನೊರೆ ಬರುತ್ತಿತ್ತು. ಉಸಿರು ಇರಲಿಲ್ಲ. ನಾಡಿ ಇತ್ತು. ಬೆಳಗಿನ ಬ್ಯಾಚಿಗೆ ಬಂದಿದ್ದ ಯಾರೋ ಹಿರಿಯರು, ಹೊಟ್ಟೆ ಒತ್ತಿ ನೀರು ತೆಗೀರಿ, ತಲೆಕೆಳಗು ಮಾಡಿ ಎಂದು ಕೂಗಿದರು. ಎಂ.ಎಸ್ಸಿ. ಅಕ್ಕ ಬೇಡ ಎಂದರು. ಹೊಟ್ಟೆ ಒತ್ತಿದರೆ ವಾಂತಿಯಾಗಿ ಅದೇ ಶ್ವಾಸಕೋಶಕ್ಕೆ ಹೋಗುತ್ತದೆ, ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು ಎಂದು ಅವರು ತರಬೇತಿಯಲ್ಲಿ ಕಲಿತಿದ್ದರು. ನನ್ನ ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಉಸಿರು ಊದಿದರು. ಎದೆ ಏಳುತ್ತದೆಯೇ ಎಂದು ನೋಡಲು ನಾಯಕಿಗೆ ಹೇಳಿದರು. ನಾಲ್ಕೋ ಐದೋ ಸಲ ಊದಿದ ಮೇಲೆ ನಾನು ಕೆಮ್ಮಿದೆ. ಪಕ್ಕಕ್ಕೆ ಹೊರಳಿಸಿದರು. ವಾಂತಿಯಾಯಿತು. ಅಷ್ಟು ಹೊತ್ತಿಗೆ ಕೋಚ್ ಸರ್ ಓಡಿ ಬಂದಿದ್ದರು. ನನ್ನ ಕಾಲ ಬಳಿ ಮಂಡಿಯೂರಿ ಕೂತಿದ್ದರಂತೆ, ಮಾತಾಡಲು ಆಗುತ್ತಿರಲಿಲ್ಲವಂತೆ.

ನಾನು ನೀರಿನಡಿ ಹಾಗೆ ಎಷ್ಟು ಹೊತ್ತು ಇದ್ದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಶುರುವಾಗುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ನನಗೂ ಅದಕ್ಕೂ ನಡುವೆ ಇದ್ದದ್ದು ಕಟ್ಟೆಯ ಮೇಲಿದ್ದ ಒಬ್ಬ ಹುಡುಗಿ.

ಆಂಬುಲೆನ್ಸಿಗೆ ಕಾಯಲಿಲ್ಲ. ಈಜಲು ಬಂದಿದ್ದ ಒಬ್ಬರ ಕಾರಿನಲ್ಲಿ ಒದ್ದೆ ಬಟ್ಟೆಯಲ್ಲೇ ಕರೆದುಕೊಂಡು ಹೋದರು. ದಾರಿಯಲ್ಲಿ ನನಗೆ ಅರ್ಧ ಎಚ್ಚರ. ಯಾರೋ ನನ್ನ ಹೆಸರು ಕೂಗುತ್ತಲೇ ಇದ್ದರು. ಎದೆಯೊಳಗೆ ಉರಿ. ಉಸಿರೆಳೆದರೆ ಗೊರ ಗೊರ ಸದ್ದು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. ಆಕ್ಸಿಜನ್ ಮಟ್ಟ 80ರ ಆಸುಪಾಸಿನಲ್ಲಿತ್ತು. ಮಣಿಕಟ್ಟಿನ ಒಳಗಿನ ರಕ್ತನಾಳದಿಂದ ರಕ್ತ ತೆಗೆದರು. ಆ ಇಡೀ ವಾರದಲ್ಲಿ ಅತಿ ಹೆಚ್ಚು ನೋವಾದದ್ದು ಆ ಸೂಜಿಗೆ. ಎದೆಯ ಎಕ್ಸ್‌ರೇಯಲ್ಲಿ ಎರಡೂ ಕಡೆ ಬಿಳಿ ಮಂಜು. ಐಸಿಯುಗೆ ಸೇರಿಸಿ, ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ, ಒತ್ತಡದಲ್ಲಿ ಗಾಳಿ ಕೊಟ್ಟರು. ಆ ಮಾಸ್ಕಿನೊಳಗೆ ನನಗೆ ಮೊದಲ ಸಲ ಹೆದರಿಕೆಯಾಯಿತು. ಮುಳುಗಿದಾಗ ಆಗದ ಹೆದರಿಕೆ ಅಲ್ಲಿ ಆಯಿತು. ಕಿತ್ತು ಹಾಕಲು ನೋಡಿದೆ. ರಾತ್ರಿಪಾಳಿಯ ಒಬ್ಬ ನರ್ಸ್ ನನ್ನ ಎರಡೂ ಕೈ ಹಿಡಿದುಕೊಂಡು, "ನನ್ ಜೊತೆ ಉಸಿರಾಡು, ನಾನ್ ಹೇಳ್ದಾಗ ಬಿಡು" ಎಂದು ಬಹಳ ಹೊತ್ತು ಕೂತರು. ಅವರ ಹೆಸರು ನಾನು ಕೇಳಿಕೊಳ್ಳಲಿಲ್ಲ.

ಅಮ್ಮ ಮಧ್ಯಾಹ್ನದ ಹೊತ್ತಿಗೆ ಬಸ್ಸಿನಲ್ಲಿ ಬಂದಿದ್ದರು. ಫೋನಿನಲ್ಲಿ ಅವರಿಗೆ ಕಾಲು ಜಾರಿ ಬಿದ್ದಳು ಎಂದಷ್ಟೇ ಹೇಳಿದ್ದರು. ಐಸಿಯು ಬಾಗಿಲಲ್ಲಿ ನಾಯಕಿ ಅವರನ್ನು ಕೂರಿಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಇಪ್ಪತ್ತೊಂದು ವಯಸ್ಸು ಅವಳಿಗೆ. ಆ ಕೆಲಸವನ್ನು ದೊಡ್ಡವರು ಯಾರಾದರೂ ಮಾಡಬೇಕಿತ್ತು. ಅಮ್ಮ ಅವಳ ಮೇಲೆ ಕೂಗಾಡಿದರಂತೆ. ಆಮೇಲೆ ಅವಳ ಒದ್ದೆ ತಲೆಯನ್ನು ತಮ್ಮ ಸೆರಗಿನಲ್ಲಿ ಒರೆಸಿದರಂತೆ. ಅವಳು ಬೆಳಗಿನಿಂದ ಬಟ್ಟೆ ಬದಲಾಯಿಸಿರಲಿಲ್ಲ.

ಎರಡು ದಿನ ಕಳೆದ ಮೇಲೆ ಜ್ವರ ಬಂತು. ಶ್ವಾಸಕೋಶದಲ್ಲಿ ಸೋಂಕಾಗಿತ್ತು. ಆಂಟಿಬಯಾಟಿಕ್ ಶುರು ಮಾಡಿದರು. ವಾರ್ಡಿಗೆ ಬಂದಮೇಲೆ ಶ್ವಾಸಕೋಶದ ಡಾಕ್ಟರು ಬಂದು ಆದದ್ದನ್ನು ವಿವರಿಸಿದರು. ಉಸಿರು ಬೇಕು ಎಂದು ನಮಗೆ ಅನ್ನಿಸುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಬೇಗ ಬೇಗ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಗೆ ಹೋಗುತ್ತದೆ. ಗಂಟೆಯ ನಾಲಗೆ ಕಿತ್ತಿಟ್ಟ ಹಾಗೆ ಎಂದರು ಅವರು. ನೀರಿನೊಳಗೆ ಕೈಕಾಲು ಆಡಿಸುತ್ತ ಆಮ್ಲಜನಕ ಖರ್ಚಾಗುತ್ತಲೇ ಇರುತ್ತದೆ. ಉಸಿರು ಬೇಕು ಎಂಬ ಒತ್ತಡ ಮಾತ್ರ ಬರುವುದಿಲ್ಲ. ಅದು ಬರುವ ಮುಂಚೆಯೇ ಮೆದುಳು ಆರುತ್ತದೆ. ಈಜು ಬಾರದವರಿಗಿಂತ ಚೆನ್ನಾಗಿ ಬರುವವರಿಗೇ ಹೀಗಾಗುವುದು ಹೆಚ್ಚು, ಅವರೇ ಇದನ್ನು ಅಭ್ಯಾಸ ಮಾಡುವವರು ಎಂದೂ ಹೇಳಿದರು. ಕೋಚ್ ಸರ್ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಒಂದು ಪ್ರಶ್ನೆ ಕೇಳಿದರು, ಉತ್ತರವನ್ನು ತಮ್ಮ ಟೈಮಿಂಗ್ ಬರೆಯುವ ಪುಸ್ತಕದಲ್ಲೇ ಬರೆದುಕೊಂಡರು. ಅವರು ಬಹಳ ವರ್ಷಗಳಿಂದ ಕಲಿಸುತ್ತಿದ್ದವರು. ಇದನ್ನು ಅವರಿಗೂ ಯಾರೂ ಹೇಳಿರಲಿಲ್ಲ.

ಆಸ್ಪತ್ರೆಯ ಬಿಲ್ಲು ನಮ್ಮ ಮನೆಯ ಶಕ್ತಿಗೆ ಮೀರಿದ್ದಾಗಿತ್ತು. ಅಪ್ಪ ಕೊಬ್ಬರಿ ಮಾರಿ ಬಂದ ಹಣ ತಂದಿದ್ದರು. ಸಾಲದಾಯಿತು. ಆ ವರ್ಷ ಹುಡುಗರು ಹೊಸ ರೇಸಿಂಗ್ ಸೂಟಿಗೆ ಎಂದು ಒಟ್ಟು ಮಾಡಿದ್ದ ಹಣವಿತ್ತು. ಹುಡುಗಿಯರ ಟ್ರ್ಯಾಕ್ ಸೂಟಿನ ಹಣವಿತ್ತು. ಅಷ್ಟನ್ನೂ ಕೌಂಟರಿನಲ್ಲಿ ಕಟ್ಟಿಯೇ ಅಪ್ಪನಿಗೆ ಹೇಳಿದರು. ಮೊದಲೇ ಹೇಳಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ. ಕೋಚ್ ಸರ್ ಸಹ ಕೊಟ್ಟರು ಎಂದು ಬಹಳ ಆಮೇಲೆ ಗೊತ್ತಾಯಿತು.

ದಸರಾ ರಜೆಗೆ ಊರಿಗೆ ಹೋದೆ. ಸ್ನಾನ ಮಾಡುವಾಗ ತಲೆ ಮೇಲೆ ನೀರು ಹುಯ್ದುಕೊಳ್ಳಲು ಆಗುತ್ತಿರಲಿಲ್ಲ. ಮುಖದ ಮೇಲೆ ನೀರು ಇಳಿದರೆ ಉಸಿರು ಕಟ್ಟುತ್ತಿತ್ತು. ಅಮ್ಮ ನನ್ನನ್ನು ಬಾಗಿಸಿ ಕೂರಿಸಿ, ಹಣೆಗೆ ಕೈ ಅಡ್ಡ ಹಿಡಿದು, ಚಿಕ್ಕ ಮಗುವಿಗೆ ಹಾಕುವ ಹಾಗೆ ತಲೆಗೆ ನೀರು ಹಾಕಿದರು. ರಾತ್ರಿ ನಿದ್ದೆ ಬರುವ ಕ್ಷಣದಲ್ಲಿ ಬೆಚ್ಚಿ ಏಳುತ್ತಿದ್ದೆ. ಎಚ್ಚರ ತಪ್ಪುವುದೇ ಭಯವಾಗಿತ್ತು. ನಾನು ಈಜು ಕಲಿತ ಬಾವಿ ಆಗಲೇ ಬತ್ತಿ ಕೆಲವು ವರ್ಷ ಆಗಿತ್ತು. ನಮ್ಮ ಕಡೆ ತೆರೆದ ಬಾವಿಗಳೆಲ್ಲ ಹೆಚ್ಚು ಕಡಿಮೆ ಹಾಗೆಯೇ, ಈಗ ನೀರು ಬೋರಿನದು. ಅಮ್ಮ ಮತ್ತೆ ನೀರಿಗೆ ಇಳಿಯಕೂಡದು ಎಂದರು. ಅಪ್ಪ ಏನೂ ಹೇಳಲಿಲ್ಲ.

ಅಷ್ಟರಲ್ಲಿ ಕಾಲೇಜಿನಲ್ಲಿ ಈಜು ತಂಡವನ್ನೇ ಆ ವರ್ಷ ಕೈಬಿಡುವ ಮಾತು ಬಂದಿತ್ತು. ಆಡಳಿತದವರಿಗೆ ಹೆದರಿಕೆಯಾಗಿತ್ತು. ಅದು ಸಹಜ. ತಂಡದವರು ಹೋಗಿ ಒಂದು ಪತ್ರ ಕೊಟ್ಟರು. ಉಸಿರು ಹಿಡಿದು ಮಾಡುವ ಸೆಟ್ ಇರುವುದಿಲ್ಲ. ಗೋಡೆ ಒದ್ದ ಮೇಲೆ 15 ಮೀಟರ್ ದಾಟಿ ಯಾರೂ ನೀರಿನಡಿ ಹೋಗುವುದಿಲ್ಲ. ಪ್ರತಿ ಅಭ್ಯಾಸದಲ್ಲೂ ತಂಡದ ಒಬ್ಬರು ನೀರಿಗೆ ಇಳಿಯದೆ ಕಟ್ಟೆಯ ಮೇಲೆ ಇರುತ್ತಾರೆ, ಅವರು ಫೋನ್ ಮುಟ್ಟುವುದಿಲ್ಲ, ಮಾತಾಡುವುದಿಲ್ಲ, ನೋಡುತ್ತಾರೆ. ಎಲ್ಲರೂ ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯುತ್ತಾರೆ. ಹೀಗೆ ಬರೆದು ಹನ್ನೊಂದು ಜನ ಸಹಿ ಹಾಕಿದ್ದರು. ಕಾಲೇಜು ಒಪ್ಪಿತು. ಪಾಲಕರ ಒಪ್ಪಿಗೆ ಪತ್ರವೂ ಬೇಕೆಂದಿತು.

ನಾನು ಮರಳಬೇಕೆಂದು ಯಾರೂ ಕೇಳಲಿಲ್ಲ. ನನಗೇ ಹೋಗಬೇಕು ಅನ್ನಿಸಿತು. ಕಾರಣವನ್ನು ಸರಿಯಾಗಿ ಹೇಳಲಾರೆ. ಮನೆಯಲ್ಲಿ ಕೂತರೆ ಭಯ ಕಡಿಮೆಯಾಗುತ್ತಿರಲಿಲ್ಲ, ಅದು ಒಂದು. ಇನ್ನೊಂದು, ನಾನಿಲ್ಲದಿದ್ದರೆ ಅವರ ರಿಲೇ ಎಂ.ಎಸ್ಸಿ. ಅಕ್ಕನ ಭುಜದ ಮೇಲೆ ನಿಲ್ಲುತ್ತಿತ್ತು, ಅವರಿಗೆ ಭುಜದ ನೋವಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, ಊದಿಸಿ ಪರೀಕ್ಷೆ ಮಾಡಿ, ನಿಧಾನಕ್ಕೆ ಶುರು ಮಾಡಬಹುದು ಎಂದರು. ಅಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಅಮ್ಮ ಒಂದು ಷರತ್ತು ಹಾಕಿದರು. ಪ್ರತಿದಿನ ಅಭ್ಯಾಸ ಮುಗಿದ ಕೂಡಲೇ ನಾಯಕಿಯೇ ಫೋನ್ ಮಾಡಬೇಕು, ಮಗಳು ಮಾಡಿದರೆ ಸಾಲದು. ಅವಳು ಸೀಸನ್ ಮುಗಿಯುವವರೆಗೂ ಮಾಡಿದಳು. ಟವೆಲ್ ಹೊದ್ದುಕೊಂಡು ನಿಂತೇ ಮಾಡುತ್ತಿದ್ದಳು. "ಆಂಟಿ, ಹೊರಗ್ ಬಂದ್ಲು." ಅಷ್ಟೇ ಮಾತು.

ಮೊದಲ ದಿನ ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಟ್ಟೆ. ಚಿಕ್ಕವಳು ಪಕ್ಕದಲ್ಲಿ ಕೂತಳು. ಏನೂ ಮಾತಾಡಲಿಲ್ಲ. ಆಮೇಲೊಂದು ದಿನ ಸೊಂಟದವರೆಗೆ ಇಳಿದೆ. ಮುಖ ಅದ್ದಲು ಹೋಗಿ ಕೈ ನಡುಗಿ ಮೇಲೆ ಬಂದೆ. ಕೋಚ್ ಸರ್ ನಿಶಾ ಮಿಲೆಟ್ ವಿಷಯ ಹೇಳಿದರು. ಅವರು ಐದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಸ್ವಲ್ಪದರಲ್ಲಿ ಉಳಿದವರು, ನೀರೆಂದರೆ ಹೆದರುತ್ತಿದ್ದವರು, ಅವರ ತಂದೆಯೇ ನಿಂತು ಈಜು ಕಲಿಸಿದರು, ಆಮೇಲೆ ಸಿಡ್ನಿಯಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು ಎಂದು. ಒಲಿಂಪಿಕ್ಸ್ ನನಗೆ ದೂರದ ಮಾತು. ಆದರೆ ಅಷ್ಟು ದೊಡ್ಡ ಈಜುಗಾರ್ತಿಗೂ ನೀರಿನ ಭಯವಿತ್ತು ಎಂಬುದನ್ನು ಹಿಡಿದುಕೊಂಡೆ.

ಮತ್ತೆ ಈಜತೊಡಗಿದಾಗ ತಂಡದವರು ಮಾಡಿದ ಒಂದು ಕೆಲಸವನ್ನು ಹೇಳಬೇಕು. ಫ್ರೀಸ್ಟೈಲ್‌ನಲ್ಲಿ ಉಸಿರಿಗೆ ಒಂದು ಕಡೆ ತಲೆ ತಿರುಗಿಸುತ್ತೇವೆ. ಪ್ರತಿಯೊಬ್ಬರಿಗೂ ಒಂದು ಕಡೆ ರೂಢಿಯಾಗಿರುತ್ತದೆ. ನನ್ನದು ಎಡ. ನನ್ನ ಎಡ ಲೇನಿನಲ್ಲಿ ಯಾರು ಈಜುತ್ತಿದ್ದರೋ ಅವರು ತಮ್ಮ ರೂಢಿ ಬಿಟ್ಟು ಬಲಕ್ಕೆ ಉಸಿರು ತೆಗೆದುಕೊಳ್ಳುತ್ತಿದ್ದರು. ನನ್ನ ವೇಗಕ್ಕೆ ತಮ್ಮ ವೇಗ ಇಳಿಸುತ್ತಿದ್ದರು. ತಲೆ ತಿರುಗಿಸಿದಾಗಲೆಲ್ಲ ಗಾಗಲ್ಸ್ ಹಾಕಿದ ಒಂದು ಮುಖ ನನ್ನ ಕಡೆ ತಿರುಗಿರುತ್ತಿತ್ತು. ಇದನ್ನು ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ ಎಂದು ಆಮೇಲೆ ಹೇಳಿದರು. ಮೊದಲು ಮಾಡಿದವಳು ನನ್ನ ರೂಮಿನವಳು, ಉಳಿದವರು ನೋಡಿ ಮಾಡಿದರು.

ಕಟ್ಟೆಯ ಮೇಲೆ ಕೂರುವ ಕೆಲಸ ಸರದಿಯಲ್ಲಿ ಎಂದು ಆಗಿತ್ತು. ಇಂಟರ್ನಲ್ಸ್ ಪರೀಕ್ಷೆಗಳು ಬಂದವು. ಹಲವರಿಗೆ ಬೆಳಿಗ್ಗೆ ಬರಲಾಗುತ್ತಿರಲಿಲ್ಲ. ಬಂದವರಲ್ಲಿ ಯಾರಾದರೂ ಕೂರಬೇಕು. ಹೆಚ್ಚು ಸಲ ಕೂತವಳು ನಾಯಕಿ. ಸ್ಪರ್ಧೆಗೆ ಕೆಲವೇ ವಾರ ಇರುವಾಗ ಒಂದು ಬೆಳಗಿನ ಅಭ್ಯಾಸ ತಪ್ಪಿದರೆ ಈಜುವವರಿಗೆ ಅದು ಮೈಯಲ್ಲಿ ಗೊತ್ತಾಗುತ್ತದೆ. ಅವಳು ಸಂಜೆ ಬೇರೆ ಕೊಳಕ್ಕೆ ಹೋಗಿ ಸರಿದೂಗಿಸುತ್ತೇನೆ ಎನ್ನುತ್ತಿದ್ದಳು. ಎಲ್ಲ ದಿನವೂ ಹೋಗಲಾಗಲಿಲ್ಲ. ಸಂಜೆ ಅವಳು ಟ್ಯೂಷನ್ ಹೇಳುತ್ತಿದ್ದಳು.

ನವೆಂಬರಿನಲ್ಲಿ ಇಂಟರ್ ಕಾಲೇಜಿಯೇಟ್ ಬಂತು. ಹುಡುಗರಿಗೆ ಎರಡು ಪದಕ ಬಂದವು. ಚಿಕ್ಕವಳಿಗೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು. ನಾಯಕಿಯ 200 ಮೆಡ್ಲೆ ಎರಡನೆಯ ದಿನ ಬೆಳಿಗ್ಗೆ. ಬಟರ್‌ಫ್ಲೈ, ಬ್ಯಾಕ್ ಎರಡರಲ್ಲೂ ಮುಂದಿದ್ದಳು. ಬ್ರೆಸ್ಟ್‌ನಲ್ಲಿ ಸರಿಸಮ. ಕೊನೆಯ 50ರಲ್ಲಿ ಕೈ ಭಾರವಾದದ್ದು ನಮಗೆ ಗ್ಯಾಲರಿಯಿಂದಲೇ ಕಾಣಿಸಿತು. ಮೂರನೆಯವಳಾಗಿ ಮುಟ್ಟಿದಳು. ಎರಡನೆಯವಳಿಗೂ ಅವಳಿಗೂ ಅರ್ಧ ಸೆಕೆಂಡೂ ವ್ಯತ್ಯಾಸವಿರಲಿಲ್ಲ. ಆಯ್ಕೆಯಾದದ್ದು ಮೊದಲ ಇಬ್ಬರು. ಅವಳು ಕಟ್ಟೆಯ ಮೇಲೆ ಕಳೆದ ಬೆಳಗುಗಳೇ ಆ ಸೋಲಿಗೆ ಕಾರಣ ಎಂದು ಹೇಳಲಾಗದು. ಅಲ್ಲ ಎಂದೂ ನಾನು ಹೇಳಲಾರೆ. ಅವಳನ್ನು ಕೇಳಿದ್ದೇನೆ. "ಆ ಹುಡುಗಿ ನನಗಿಂತ ಫಾಸ್ಟ್ ಇದ್ಲು ಕಣೇ" ಎಂದಷ್ಟೇ ಹೇಳಿದಳು.

ಅದೇ ಸಂಜೆ ನಮ್ಮ 4x100 ಫ್ರೀಸ್ಟೈಲ್ ರಿಲೇ. ಚಿಕ್ಕವಳು, ರೂಮಿನವಳು, ನಾನು, ಕೊನೆಗೆ ನಾಯಕಿ. ಬ್ಲಾಕ್ ಹತ್ತುವ ಮುಂಚೆ ಕೋಚ್ ಸರ್ ನನಗೆ ನಿಯಮ ನೆನಪಿಸಿದರು. ಫ್ರೀಸ್ಟೈಲ್‌ನಲ್ಲಿ ತಳದಲ್ಲಿ ಕಾಲೂರಿ ನಿಂತರೆ ಅನರ್ಹರಾಗುವುದಿಲ್ಲ, ನಡೆಯುವಂತಿಲ್ಲ. ಹಗ್ಗ ಹಿಡಿದು ಎಳೆಯುವಂತಿಲ್ಲ. ತಿರುವಿನಲ್ಲಿ ಪಲ್ಟಿ ಬೇಡ, ಕೈಯಲ್ಲಿ ಮುಟ್ಟಿ ತಿರುಗು, ಸಮಯ ಹೋದರೆ ಹೋಗಲಿ ಎಂದರು. ಬ್ಲಾಕ್ ಮೇಲೆ ನಿಂತಾಗ ಬಾಯಿ ಒಣಗಿತ್ತು. ಕಾಲು ಸೆಟೆದಿತ್ತು. ರೂಮಿನವಳ ಕೈ ಗೋಡೆ ಮುಟ್ಟಿದ್ದನ್ನು ನೋಡಿ ಹಾರಿದೆ.

ಮೊದಲ 50 ಚೆನ್ನಾಗಿ ಹೋಯಿತು. ಕೈಯಲ್ಲಿ ಮುಟ್ಟಿ ತಿರುಗಿದೆ. ಅಲ್ಲಿಂದ ಸ್ವಲ್ಪ ದೂರ ಬಂದಮೇಲೆ ಎದೆ ಬಿಗಿಯಿತು. ಅದು ದಣಿವಿನ ಬಿಗಿತ, ಅಪಾಯದ್ದಲ್ಲ. ಬುದ್ಧಿಗೆ ಅದು ಗೊತ್ತಿತ್ತು. ಮೈ ಕೇಳಲಿಲ್ಲ. ನಿಂತುಬಿಟ್ಟೆ. ಕಾಲು ತಳಕ್ಕೆ ಎಟುಕಲಿಲ್ಲ. ಕೈ ಹಗ್ಗಕ್ಕೆ ಹೋಯಿತು. ಹಿಡಿದೆ, ಎಳೆಯಲಿಲ್ಲ. ಎದುರಿನ ತುದಿಯಲ್ಲಿ ಬ್ಲಾಕ್ ಮೇಲೆ ನಾಯಕಿ ನಿಂತಿದ್ದಳು. ಅವಳು ಕೂಗಲಿಲ್ಲ, ಕೈ ಬೀಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಚಿಕ್ಕವಳು ಆಗಲೇ ಬಗ್ಗಿ, ಬೇಕಾದರೆ ಹಾರಲು ತಯಾರಾಗಿ ನಿಂತಿದ್ದಳು. ಹಾರಿದ್ದರೆ ನಮ್ಮ ತಂಡ ಅನರ್ಹವಾಗುತ್ತಿತ್ತು. ಅದನ್ನು ಅವಳು ಯೋಚಿಸುತ್ತಿರಲಿಲ್ಲ ಎಂದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು. ನಾನು ಎರಡು ಉಸಿರು ತೆಗೆದುಕೊಂಡೆ. ಹಗ್ಗ ಬಿಟ್ಟೆ. ಮುಖ ಅದ್ದದೆ, ತಲೆ ಎತ್ತಿಕೊಂಡೇ ಉಳಿದ ದೂರ ಈಜಿ ಗೋಡೆ ಮುಟ್ಟಿದೆ. ನಾಯಕಿ ನನ್ನ ಮೇಲಿಂದ ಹಾರಿ ಹೋದಳು.

ಐದು ತಂಡಗಳಿದ್ದವು. ನಾನು ಮುಟ್ಟಿದಾಗ ನಾವು ಐದನೆಯವರು. ಅವಳು ಒಬ್ಬರನ್ನು ಹಿಂದೆ ಹಾಕಿದಳು. ನಾಲ್ಕನೆಯ ಸ್ಥಾನ. ನನ್ನ ಟೈಮಿಂಗ್ ತಂಡದಲ್ಲೇ ಅತಿ ಕೆಟ್ಟದ್ದು. ಹೊರಗೆ ಬಂದಾಗ ಚಿಕ್ಕವಳು ಟವೆಲ್ ಹೊದಿಸಿದಳು. ನನಗೆ ಅಳು ಬಂತು, ಅತ್ತೆ. ನಾಯಕಿ ಏದುಸಿರು ಬಿಡುತ್ತಲೇ ಬ್ಯಾಗಿನಿಂದ ಫೋನ್ ತೆಗೆದು ಅಮ್ಮನಿಗೆ ಮಾಡಿದಳು.

ಇದನ್ನು ಬರೆಯಬಹುದೇ ಎಂದು ಈಚೆಗೆ ಎಲ್ಲರನ್ನೂ ಕೇಳಿದೆ. ಬರಿ ಎಂದರು. ಅದೃಷ್ಟ ಎಂಬ ಪದ ಹಾಕಬೇಡ ಎಂದದ್ದು ನಾಯಕಿ. "ಅವಳು ಅಲ್ಲಿ ಕೂತಿದ್ದು ಅದೃಷ್ಟ ಇರಬಹುದು. ನೋಡಿದ್ದು ಅವಳು" ಎಂದಳು. ಎಂ.ಎಸ್ಸಿ. ಅಕ್ಕ, ಉಸಿರು ಕೊಡುವ ವಿಷಯ ಸರಿಯಾಗಿ ಬರೆ, ಹೊಟ್ಟೆ ಒತ್ತಬಾರದು ಎಂಬುದು ಬಿಟ್ಟುಹೋಗದಿರಲಿ ಎಂದರು. ನನಗೆ ಈಗಲೂ ಶವರ್ ಕೆಳಗೆ ಕಣ್ಣು ಮುಚ್ಚಿ ನಿಲ್ಲಲು ಆಗುವುದಿಲ್ಲ. ಚೊಂಬಿನಲ್ಲೇ ಸ್ನಾನ. ಈಜುತ್ತೇನೆ.

ಮುಂದಿನ ವರ್ಷ, 2019ರಲ್ಲಿ, ನಾಯಕಿ ಕಾಲೇಜು ಮುಗಿಸಿ ಹೋಗಿದ್ದಳು. ನಾನು ಸ್ಪರ್ಧೆಗೆ ಇಳಿಯಲಿಲ್ಲ, ಅಭ್ಯಾಸಕ್ಕೆ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಕೂರುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ, ಹಾಗಾಗಿ ಉಳಿದವರಿಗೆ ಬೆಳಗು ತಪ್ಪಲಿಲ್ಲ. ಹೊಸದಾಗಿ ಬಂದ ಹುಡುಗಿಯರಿಗೆ ಕೋಚ್ ಸರ್ ಮೊದಲ ದಿನವೇ ಜೋರು ಉಸಿರಿನ ವಿಷಯ ಹೇಳಿ, ತಾವು ಬರೆದುಕೊಂಡಿದ್ದ ಪುಟ ಓದಿದರು. ಚಿಕ್ಕವಳು ಆ ವರ್ಷ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಟ್ರೇನ್ ಹತ್ತಿಸಲು ನಾವೆಲ್ಲ ಯಶವಂತಪುರಕ್ಕೆ ಹೋಗಿದ್ದೆವು. ಕೆಲಸಕ್ಕೆ ಸೇರಿದ್ದ ನಾಯಕಿ ಆಫೀಸಿನಿಂದ ನೇರ ಬಂದಿದ್ದಳು. ನಮ್ಮಮ್ಮ ದಾರಿಗೆಂದು ಚಪಾತಿ, ಚಟ್ನಿಪುಡಿ, ಒಂದು ಡಬ್ಬ ಕೊಬ್ಬರಿ ಮಿಠಾಯಿ ಕಳಿಸಿದ್ದರು.